ಬೇಡದ್ದನ್ನು ಹೊಡೆದು ಹಾಕಿ

ಇಪ್ಪತ್ತಾರು ವರ್ಷ ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸಿ ದಾಟಿಸಿ ನನ್ನ ನಾಲಿಗೆ ಸವೆದುಹೋಗಿದೆ. ಪ್ರಾಗ್‌ನ ನಮ್ಮ ಸಂಸ್ಥೆಯಲ್ಲಿ ಫ್ರೆಂಚರೂ ಚೆಕ್ಕರೂ ಕೂಡಿ ನಡೆಸುವ ಒಂದು ವಿಭಾಗವಿದೆ. ಇತಿಹಾಸ, ಸಾಹಿತ್ಯ, ತತ್ವಶಾಸ್ತ್ರ, ಇಂಥ ಹೊಟ್ಟೆ ತುಂಬಿಸದ ವಿಷಯಗಳು. ಅವರ ವಿದ್ವಾಂಸರು ಇಲ್ಲಿಗೆ ಬರುತ್ತಾರೆ, ನಮ್ಮವರು ಅಲ್ಲಿಗೆ ಹೋಗುತ್ತಾರೆ. ಆ ವಿಭಾಗದ ಕಾರ್ಯದರ್ಶಿ ನಾನು, ದುಭಾಷಿ ನಾನು, ಅತಿಥಿಗಳು ಕೋಣೆಯ ಬೀಗದ ಕೈ ಕಳೆದುಕೊಂಡರೆ ಮಂಡಿಯೂರಿ ಮಂಚದ ಕೆಳಗೆ ಹುಡುಕುವವಳೂ ನಾನೇ. ಹೆಸರು ಯಾರ್ಮಿಲಾ ದೊಲೆಜಲೊವಾ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳಿತ್ತು.

ಆ ಜೂನ್ ತಿಂಗಳ ಗುರುವಾರ ರಾದ್ಮಿಲಾಳ ವೈವಾ. ರಾದ್ಮಿಲಾ ಶೆಬೆಸ್ತಿಕೊವಾ, ವಯಸ್ಸು ನಲವತ್ತೆರಡು. ಒಂದೇ ಥೀಸಿಸ್‌ಗೆ ಎರಡು ದೇಶ, ಇಬ್ಬರು ಗೈಡು, ಎರಡು ಮೊಹರು, ಹೀಗೊಂದು ಒಪ್ಪಂದದ ಮೇಲೆ ಅವಳು ಒಂಬತ್ತು ವರ್ಷ ಪ್ರಾಗ್‌ಗೂ ಫ್ರಾನ್ಸಿಗೂ ಬಸ್ಸಿನಲ್ಲಿ ಓಡಾಡಿದ್ದಳು. ವಿಮಾನಕ್ಕೆ ಹೋಗಲಿ, ರೈಲಿಗೂ ಅವಳ ಕೈಯಲ್ಲಿ ಆಗುತ್ತಿರಲಿಲ್ಲ. ಆ ಒಪ್ಪಂದದ ಅವಧಿ ಅದೇ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಪಾಸಾದರೆ ಡಾಕ್ಟರೇಟು, ಅದರ ಬೆನ್ನಿಗೆ ನಮ್ಮಲ್ಲೇ ಒಂದು ಕಾಯಂ ಪಾಠದ ಕೆಲಸ. ಫೇಲಾದರೆ ಎರಡನೆಯ ಅವಕಾಶವಿಲ್ಲ, ಒಂಬತ್ತು ವರ್ಷವೂ ನೀರಿನಲ್ಲಿ ಹೋಮ ಮಾಡಿದ ಹಾಗೆ.

ಅವಳ ಥೀಸಿಸ್ ಬಗ್ಗೆಯೂ ಎರಡು ಮಾತು ಹೇಳಬೇಕು. ಹದಿನೆಂಟನೆಯ ಶತಮಾನದಲ್ಲಿ ಬೊಹೆಮಿಯಾದ ಒಂದು ಜಮೀನ್ದಾರರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದ ಫ್ರೆಂಚ್ ಹೆಂಗಸೊಬ್ಬಳು ಊರಿನಲ್ಲಿದ್ದ ತಂಗಿಗೆ ನಲವತ್ತು ಕಾಗದ ಬರೆದಿದ್ದಳು. ಮಹಾತಾಯಿ ಒಂದಕ್ಕೂ ತಾರೀಖು ಹಾಕಿರಲಿಲ್ಲ. ರಾದ್ಮಿಲಾಳ ಫ್ರೆಂಚ್ ಗೈಡ್ ಪ್ರೊಫೆಸರ್ ಗರಾಂಜೆ ಮೂವತ್ತು ವರ್ಷದ ಹಿಂದೆ ಆ ಕಾಗದಗಳ ಮೇಲೆ ಒಂದು ಪುಸ್ತಕ ಬರೆದು ಹೆಸರು ಮಾಡಿದ್ದರು. ಅವೆಲ್ಲ ಪ್ಯಾರಿಸ್ಸಿನಲ್ಲಿ ಕ್ರಾಂತಿಯಾಗುವ ಮೊದಲೇ ಬರೆದವು, ಆ ಹೆಂಗಸು ಬರಲಿರುವುದನ್ನು ಮೊದಲೇ ಮೂಸಿ ನೋಡಿದ್ದಳು ಎನ್ನುವುದು ಅವರ ವಾದ. ರಾದ್ಮಿಲಾ ಆ ಕಾಗದಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದಳು. ಹಾಳೆಯೊಳಗೆ ಕಾಗದದ ಗಿರಣಿಯ ಗುರುತು ಕಾಣಿಸಿತು. ಆ ಗಿರಣಿ ಶುರುವಾದದ್ದೇ ಕ್ರಾಂತಿಯಾಗಿ ಮೂರು ವರ್ಷದ ಮೇಲೆ. ನಡೆದುಹೋದದ್ದನ್ನು ಕೇಳಿ ತಿಳಿದು ಬರೆದವಳನ್ನು ಗರಾಂಜೆ ಭವಿಷ್ಯ ನುಡಿದವಳನ್ನಾಗಿ ಮಾಡಿದ್ದರು.

ಇದೇ ಅವಳ ನಾಲ್ಕನೆಯ ಅಧ್ಯಾಯ. ಅದನ್ನು ಗರಾಂಜೆಗೆ ಕಳಿಸಿ ಎರಡು ವಾರ ಸರಿಯಾಗಿ ಊಟ ಮಾಡಲಿಲ್ಲ ಹುಡುಗಿ. ಕೊನೆಗೆ ಒಂದು ಸಾಲಿನ ಉತ್ತರ ಬಂತು: "ಶಭಾಷ್, ಶಿಷ್ಯೆ ಅಂದರೆ ಹೀಗಿರಬೇಕು." ನನ್ನ ಮೇಜಿನ ಮುಂದೆ ನಿಂತು ಗಳಗಳ ಅತ್ತಳು. "ಮೇಡಂ, ದೊಡ್ಡ ಮನುಷ್ಯ ಅಂದ್ರೆ ಹಿಂಗಿರ್ಬೇಕು ಅಲ್ವಾ?" ಎಂದಳು. ಹೌದು ಕಣೇ, ಮೂಗು ಒರೆಸಿಕೋ ಎಂದೆ.

ವೈವಾಕ್ಕೆ ಆರು ಜನ ಪರೀಕ್ಷಕರು, ಮೂವರು ನಮ್ಮವರು, ಮೂವರು ಅವರವರು. ನಮ್ಮ ಕಡೆಯಿಂದ ಅಧ್ಯಕ್ಷರಾಗಿ ಪ್ರೊಫೆಸರ್ ಸ್ರ್ನೆಟ್ಸ್, ಹೊರಗಿನಿಂದ ಬಂದ ಡಾಕ್ಟರ್ ಪೆಲ್ಟ್ಸೊವಾ, ಮತ್ತೆ ಪ್ರೊಫೆಸರಿಗಿಂತ ಒಂದು ಮೆಟ್ಟಿಲು ಕೆಳಗಿನ ಡೊಸೆಂಟ್ ಜಾರುಬಾ. ಜಾರುಬಾ ಅಂದರೆ ಗಡ್ಡ, ಗೊಣಗಾಟ, ಮತ್ತೆ ಅಡಿಟಿಪ್ಪಣಿ. ಅವರು ಯಾರನ್ನಾದರೂ ಹೊಗಳಿದ್ದನ್ನು ನಾನು ಕೇಳಿಲ್ಲ. ಫ್ರೆಂಚರ ಕಡೆಯಿಂದ ಗರಾಂಜೆ, ಮದಾಂ ಫೂರ್ಕಾದ್, ಮೊದಲ ಸಲ ಪ್ರಾಗ್ ನೋಡುತ್ತಿದ್ದ ಬ್ರೊಸಾರ್ ಎಂಬ ತೆಳ್ಳಗಿನ ಪ್ರೊಫೆಸರು. ಹಿಂದಿನ ಸಾಲಿನಲ್ಲಿ ರಾದ್ಮಿಲಾಳ ಅಪ್ಪ. ಮೊರಾವಿಯಾದ ಹಳ್ಳಿಯಿಂದ ಬೆಳಗಿನ ರೈಲಿಗೆ ಬಂದಿದ್ದ ಮುದುಕ, ರೈಲ್ವೆಯಲ್ಲಿ ಬ್ರೇಕು ರಿಪೇರಿ ಮಾಡುತ್ತಿದ್ದವನು. ಕಪ್ಪು ಸೂಟು ಹಾಕಿಕೊಂಡು, ಸಾವಿನ ಮನೆಗೋ ಮದುವೆ ಮನೆಗೋ ಎಂದು ಹೇಳಲಾಗದ ಹಾಗೆ ಕುಳಿತಿದ್ದ.

ನಾಲ್ಕು ಗಂಟೆ ನಡೆಯಿತು. ನಾಲ್ಕು ಗಂಟೆ ನಾನು ನಿಂತೇ ಇದ್ದೆ. ನಮ್ಮವರು ಮಾತಾಡಿದರೆ ಫ್ರೆಂಚಿಗೆ, ಅವರು ಮಾತಾಡಿದರೆ ಚೆಕ್ಕಿಗೆ. ನಮ್ಮವರ ರೀತಿ ಬೇರೆ, ತಪ್ಪುಗಳ ಪಟ್ಟಿ ಓದಿ ಕೂತುಬಿಡುತ್ತಾರೆ. ಜಾರುಬಾ ಎದ್ದು, "ಇನ್ನೂರ ಹದಿನಾಲ್ಕನೇ ಅಡಿಟಿಪ್ಪಣಿ ಎಲ್ಲಿ ಹೋಯ್ತು ತಾಯೀ? ಇಲಿ ತಿಂತಾ?" ಎಂದರು. ಹಿಂದೆ ಕೂತಿದ್ದ ಅಪ್ಪನ ಮುಖ ಕೆಂಪಾಯಿತು. ಫ್ರೆಂಚರು ಹಾಗಲ್ಲ, ಮಾತಿನಲ್ಲೇ ಮೆರವಣಿಗೆ ತೆಗೆಯುತ್ತಾರೆ. ಗರಾಂಜೆ ನಲವತ್ತು ನಿಮಿಷ ರಾದ್ಮಿಲಾಳನ್ನು ಹೊಗಳಿದರು. ನನ್ನ ಗಂಟಲು ಕಟ್ಟಿಹೋಯಿತು. ಇನ್ನೊಂದು ವಿಶೇಷಣ ಬಂದರೆ ಬಿದ್ದುಬಿಡುತ್ತೇನೆ ಎನಿಸಿತು. ಆ ಮುದುಕ ಮಾತ್ರ ನನ್ನ ಬಾಯಿಂದ ಬಂದ ಒಂದೊಂದು ಮಾತನ್ನೂ ತುಟಿ ಅಲ್ಲಾಡಿಸುತ್ತಾ ಹೇಳಿಕೊಳ್ಳುತ್ತಿದ್ದ.

ಆಮೇಲೆ ಉಳಿದವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿದೆವು. ಗುಪ್ತ ಮತದಾನ. ಚೀಟಿಯಲ್ಲಿ ಎರಡೇ ಪದ, ಉತ್ತೀರ್ಣ, ಅನುತ್ತೀರ್ಣ. ಇಲ್ಲೇ ನನ್ನ ತಪ್ಪು ಇರುವುದು.

ನಮ್ಮ ದೇಶದಲ್ಲಿ ಹುಟ್ಟಿದ ಅರ್ಜಿಯಿಂದ ಸತ್ತ ಅರ್ಜಿಯವರೆಗೆ ಎಲ್ಲ ನಮೂನೆಗಳೂ ಹೇಳುವುದು ಒಂದೇ ಮಾತು: ಬೇಡದ್ದನ್ನು ಹೊಡೆದು ಹಾಕಿ. ಪಾಸು ಮಾಡಬೇಕೆಂದರೆ 'ಅನುತ್ತೀರ್ಣ'ದ ಮೇಲೆ ಗೆರೆ ಎಳೆಯಬೇಕು. ಉಳಿದದ್ದೇ ನಮ್ಮ ಮತ. ಫ್ರೆಂಚರಿಗೆ ಇದು ತಲೆಕೆಳಗು. ಅವರು ಬೇಕಾದ್ದರ ಮೇಲೆ ಗುರುತು ಹಾಕುವ ಜನ. ಅದಕ್ಕೇ ಪ್ರತಿ ಸಲ ಚೀಟಿ ಹಂಚುವಾಗ ನಾನು ಎರಡೆರಡು ಸಲ ಬಿಡಿಸಿ ಹೇಳುತ್ತಿದ್ದೆ. ಇಪ್ಪತ್ತಾರು ವರ್ಷ ಹೇಳಿದೆ. ಆವತ್ತು ಮಾತ್ರ ಗಂಟಲಿನಲ್ಲಿ ಒಂದು ಹನಿ ಧ್ವನಿ ಉಳಿದಿರಲಿಲ್ಲ. "ತುಂಬಿ, ಮಡಚಿ, ಡಬ್ಬಕ್ಕೆ ಹಾಕಿ" ಎಂದು ಹೇಳಿ ಕುರ್ಚಿಗೆ ಬಿದ್ದೆ. ಕೂತರೆ ಸಾಕಾಗಿತ್ತು ನನಗೆ.

ಚೀಟಿ ಬಿಚ್ಚಿದೆ. ಮೂರರಲ್ಲಿ 'ಅನುತ್ತೀರ್ಣ'ದ ಮೇಲೆ ನೆಟ್ಟಗೆ ಒಂದು ಗೆರೆ. ಇನ್ನು ಮೂರರಲ್ಲಿ 'ಉತ್ತೀರ್ಣ'ದ ಮೇಲೆ ಅಗಲವಾಗಿ ಇಂಟು ಗುರುತು. ನಮ್ಮ ನಿಯಮದ ಪ್ರಕಾರ ಮೂರು ಪಾಸು, ಮೂರು ಫೇಲು. ಸಮಸಮ ಬಂದರೆ ಫೇಲು. ಗೆರೆ ಎಳೆದವರು ನಮ್ಮವರು, ಅದರಲ್ಲಿ ಅನುಮಾನವೇ ಇಲ್ಲ. ನಮ್ಮ ಕೈ ಇಂಟು ಹಾಕುವುದನ್ನು ಕಲಿತೇ ಇಲ್ಲ. ಹಾಗಾದರೆ ಜಾರುಬಾ ಕೂಡ ಪಾಸು ಮಾಡಿದ್ದಾರೆ! ನಗು ಬರಬೇಕಿತ್ತು, ಬರಲಿಲ್ಲ. ಆ ಮೂವರು ಫ್ರೆಂಚರು ಪಾಸು ಮಾಡಲು ಹೋಗಿ ಅವಳ ಕತ್ತು ಕೊಯ್ದಿದ್ದರು, ಚಾಕು ಕೊಟ್ಟವಳು ನಾನು.

ಅಧ್ಯಕ್ಷರನ್ನು ಕಿಟಕಿಯ ಹತ್ತಿರ ಕರೆದು ಚೀಟಿ ತೋರಿಸಿದೆ. ಸ್ರ್ನೆಟ್ಸ್ ಕನ್ನಡಕ ಹಣೆಗೇರಿಸಿದರು.

"ಅಯ್ಯೋ ಯಾರ್ಮಿಲಾ, ಹೇಳ್ಲಿಲ್ವೇನ್ರೀ ನೀವು?"

"ಹೇಳ್ಲಿಲ್ಲ."

"ಪ್ರತಿ ಸಲ ಹೇಳ್ತಿದ್ರಲ್ಲ?"

"ಪ್ರತಿ ಸಲ ಹೇಳ್ತಿದ್ದೆ. ಇವತ್ತು ಹೇಳ್ಲಿಲ್ಲ. ಸುಸ್ತಾಗಿತ್ತು ಸಾರ್, ಇನ್ನೇನು ಹೇಳ್ಲಿ?"

ಅವರು ನಿಯಮದ ಪುಸ್ತಕ ತೆಗೆದರು. ಮತದಾನ ಮತ್ತೆ ನಡೆಸಬೇಕೆಂದರೆ ಮೊದಲನೆಯದು ರದ್ದಾಗಬೇಕು, ರದ್ದಾಗಬೇಕೆಂದರೆ ಯಾರದ್ದಾದರೂ ಲೋಪ ಬರವಣಿಗೆಯಲ್ಲಿ ಇರಬೇಕು. "ನೋಡಿ, ಯಾರದೋ ಒಬ್ರದ್ದು ತಪ್ಪು ಅಂತ ಇರ್ಬೇಕು. ತಪ್ಪಿಲ್ದೆ ಎರಡನೇ ಸಲ ಇಲ್ಲ," ಎಂದರು. "ಕಾಗದ ಡೀನ್ ಹತ್ರ ಹೋಗತ್ತೆ. ಹೋದ ವರ್ಷದ ನೋಟಿಸು ಬೇರೆ ಇದೆ ನಿಮಗೆ. ನಿವೃತ್ತಿವರೆಗೆ ಇಟ್ಕೋತಾರೋ ಇಲ್ವೋ, ನಾನು ಮಾತು ಕೊಡಕ್ಕಾಗಲ್ಲ."

ಹೋದ ವರ್ಷ ನಾನು ಒಬ್ಬ ಡೀನ್‌ರ ಭಾಷಣದ ಅನುವಾದವನ್ನು ಅರ್ಧಕ್ಕೆ ನಿಲ್ಲಿಸಿ, ಮುಂದಿನದ್ದು ಮೊದಲು ಹೇಳಿದ್ದೇ ಎಂದು ಫ್ರೆಂಚಿನಲ್ಲಿ ಹೇಳಿದ್ದೆ. ಆ ನೋಟಿಸು ಅದಕ್ಕೆ.

ಬರೆದುಕೊಟ್ಟೆ. 'ಮತ ಹಾಕುವ ವಿಧಾನವನ್ನು ನಾನು ಸದಸ್ಯರಿಗೆ ವಿವರಿಸಲಿಲ್ಲ. ಲೋಪ ನನ್ನದು.' ಶೌರ್ಯ ಏನಲ್ಲ, ಬಾಗಿಲಾಚೆ ಅವಳು ನಿಂತಿದ್ದಳು, ಅಷ್ಟೆ.

ಸ್ರ್ನೆಟ್ಸ್ ವಿಷಯ ತಿಳಿಸಿದಾಗ ಬ್ರೊಸಾರ್ ಎರಡೂ ಕೈಯಿಂದ ತಲೆ ಹಿಡಿದುಕೊಂಡರು. ಮದಾಂ ಫೂರ್ಕಾದ್ ಕಣ್ಣಲ್ಲಿ ನೀರು ತಂದುಕೊಂಡು, "ನಾನು ಪಾಸು ಮಾಡ್ತಿದೀನಿ ಅಂದ್ಕೊಂಡು ಇಷ್ಟಗಲ ಹಾಕ್ದೆ!" ಎಂದು ಎಲ್ಲರೆದುರಿಗೇ ಹೇಳಿಬಿಟ್ಟರು. ಗುಪ್ತ ಮತದಾನದ ಗತಿ ಹಾಗಾಯಿತು. ಜಾರುಬಾ, "ಓದಿದ ಕತ್ತೆಗಳು, ಮೂರೂ," ಎಂದು ಚೆಕ್ಕಿನಲ್ಲಿ ಗೊಣಗಿದರು. ಅದನ್ನು ನಾನು ದಾಟಿಸಲಿಲ್ಲ. ಗರಾಂಜೆ ಮಾತ್ರ ಪೆನ್ನಿನ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಕೂತಿದ್ದರು.

ಈ ಸಲ ಬಿಡಿಸಿ ಬಿಡಿಸಿ ಹೇಳಿದೆ. ಫ್ರೆಂಚಿನಲ್ಲಿ ಮೂರು ಸಲ ಹೇಳಿದೆ, ಹಲಗೆಯ ಮೇಲೆ ಬರೆದು ತೋರಿಸಿದೆ. ಬೇಡದ್ದನ್ನು ಹೊಡೆಯಿರಿ, ಬೇಕಾದ್ದನ್ನು ಬಿಡಿ. ಎಲ್ಲರಿಗೂ ಅರ್ಥವಾಯಿತೇ? ಎಲ್ಲರೂ ಹೂಂ ಎಂದರು.

ಐದು ಪಾಸು, ಒಂದು ಫೇಲು.

ಬಾಗಿಲು ತೆಗೆದೆವು. ಅಧ್ಯಕ್ಷರು ನಿಂತುಕೊಂಡು ಫಲಿತಾಂಶ ಓದಿದರು. ನಮ್ಮಲ್ಲಿ ಲೆಕ್ಕವನ್ನೂ ಓದಿ ಹೇಳುವ ಪದ್ಧತಿ. ಐದು, ಒಂದು. ರಾದ್ಮಿಲಾ ಗೋಡೆ ಹಿಡಿದುಕೊಂಡಳು. ಚಪ್ಪಾಳೆಯಾಯಿತು. ಆ 'ಒಂದು' ಯಾರೆಂದು ಯಾರೂ ಬಾಯಿಬಿಟ್ಟು ಕೇಳಲಿಲ್ಲ, ಆದರೆ ಕೋಣೆಯಲ್ಲಿದ್ದ ಎಲ್ಲರ ಕಣ್ಣೂ ಜಾರುಬಾ ಕಡೆಗೆ ಹೋಯಿತು. ರಾದ್ಮಿಲಾಳದ್ದೂ ಹೋಯಿತು. ಜಾರುಬಾ ಗಡ್ಡ ಕೆರೆದುಕೊಳ್ಳುತ್ತಾ ನಿಂತಿದ್ದರು. ಗುಪ್ತ ಮತ ಗುಪ್ತವೇ. ನಾನಲ್ಲ ಎಂದು ಹೇಳುವ ಹಕ್ಕು ಅವರಿಗೂ ಇರಲಿಲ್ಲ, ಅವರಲ್ಲ ಎಂದು ಹೇಳುವ ಹಕ್ಕು ನನಗೂ ಇರಲಿಲ್ಲ. ಮೊದಲ ಸಲದ ಮೂರು ನೇರ ಗೆರೆಗಳನ್ನು ನೋಡಿದ್ದು ನಾನು ಮತ್ತು ಅಧ್ಯಕ್ಷರು ಇಬ್ಬರೇ. ಅಧ್ಯಕ್ಷರು ನನ್ನ ಕಣ್ಣು ತಪ್ಪಿಸಿ ಗಡಿಯಾರ ನೋಡಿದರು.

ಪಕ್ಕದ ಕೋಣೆಯಲ್ಲಿ ತಿಂಡಿ ಜೋಡಿಸಿದ್ದರು. ಬ್ರೆಡ್ಡಿನ ಚೂರಿನ ಮೇಲೆ ಆಲೂಗಡ್ಡೆ ಸಲಾಡು, ಮೊಟ್ಟೆ, ಉಪ್ಪಿನ ಸೌತೆ, ಒಂದು ಸುರುಳಿ ಹ್ಯಾಮು. ನಮ್ಮ ದೇಶದಲ್ಲಿ ಇದಿಲ್ಲದೆ ಯಾರೂ ಡಾಕ್ಟರಾಗುವುದಿಲ್ಲ. ನಾನು ಚೀಟಿಗಳನ್ನು ಲಕೋಟೆಗೆ ಹಾಕಿ ಅಂಟಿಸುತ್ತಾ ಹಿಂದೆ ಉಳಿದೆ. ಗರಾಂಜೆ ಕೂಡ ಉಳಿದಿದ್ದರು. ಎಪ್ಪತ್ತರ ಹತ್ತಿರದ ಮನುಷ್ಯ, ಆ ಹೊತ್ತಿಗೆ ಎಂಬತ್ತರ ಹಾಗೆ ಕಂಡರು.

"ಮದಾಂ, ನೀವು ಏನೋ ಬರೆದುಕೊಟ್ರಂತೆ. ತಪ್ಪು ನಿಮ್ಮದು ಅಂತ."

"ನಂದೇ ಅಲ್ವಾ? ಹೇಳಿಲ್ಲ ನಾನು."

"ಆ ಇಬ್ರ ವಿಷಯದಲ್ಲಿ ನಿಮ್ಮ ತಪ್ಪು. ನನ್ನ ವಿಷಯದಲ್ಲಿ ಅಲ್ಲ." ಅವರು ಮೇಜಿನ ಅಂಚು ಹಿಡಿದುಕೊಂಡರು. "ನಾನು ಇಲ್ಲಿಗೆ ಬರ್ತಾ ಹತ್ತೊಂಬತ್ತು ವರ್ಷ ಆಯ್ತು. ನಿಮ್ಮ ಚೀಟಿಲಿ ಏನನ್ನ ಹೊಡೀಬೇಕು ಅಂತ ನನಗೆ ಚೆನ್ನಾಗಿ ಗೊತ್ತು."

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮೈಯೆಲ್ಲ ಉರಿಯಿತು. ನನ್ನ ಈ ಬಾಯಿಂದಲೇ ಅವಳನ್ನು ನಲವತ್ತು ನಿಮಿಷ ಹೊಗಳಿಸಿದ ಮನುಷ್ಯ! ನನ್ನ ಮಂಡಿ ಸವೆಸಿದ ಮನುಷ್ಯ!

"ಮೊದಲನೇ ಸಲ ಹಾಳಾಗ್ಲಿ," ಎಂದೆ. "ಎರಡನೇ ಸಲನಾದ್ರೂ ಬದಲಾಯಿಸ್ಬಹುದಿತ್ತಲ್ಲ? ಅಷ್ಟು ಬಿಡಿಸಿ ಹೇಳ್ದೆ!"

"ಹೌದು, ಹೇಳಿದ್ರಿ. ಕೈ ಬರ್ಲಿಲ್ಲ. ಆ ಪುಸ್ತಕ ಬಿಟ್ರೆ ನನ್ನ ಹತ್ರ ಇನ್ನೇನೂ ಇಲ್ಲ ಮದಾಂ. ಅವಳು ಹೇಳಿದ್ದು ಸರಿ. ಅದೇ ನೋಡಿ ಕಷ್ಟ."

ಬೈಯಬೇಕೆಂದು ಬಾಯಿ ತೆರೆದೆ. ಬೈಗುಳಕ್ಕೂ ಶಕ್ತಿ ಬೇಕು. ಇಬ್ಬರು ದಣಿದ ಮುದುಕರು ಒಂದು ಲಕೋಟೆಯ ಮುಂದೆ ನಿಂತಿದ್ದೆವು, ಅಷ್ಟೆ. ಬನ್ನಿ, ತಿಂಡಿ ಆರಿಹೋಗುವಂಥದ್ದೇನಲ್ಲ, ಆದರೂ ಬನ್ನಿ ಎಂದು ಕರೆದುಕೊಂಡು ಹೋದೆ.

ಒಳಗೆ ಕಾಲಿಡುವುದಕ್ಕೂ ಇಲ್ಲ, ರಾದ್ಮಿಲಾಳ ಅಪ್ಪ ನಮ್ಮ ಮುಂದೆ ಬಂದು ನಿಂತ. ಒಂದು ಕೈಯಲ್ಲಿ ಬಾಟಲಿ, ತಾನೇ ಭಟ್ಟಿ ಇಳಿಸಿದ ಪ್ಲಮ್ ಹಣ್ಣಿನ ಸಾರಾಯಿ. ಇನ್ನೊಂದು ಕೈಯಲ್ಲಿ ಪುಟ್ಟ ಲೋಟಗಳು. ಕೋಣೆಯಲ್ಲಿದ್ದವರಿಗೆಲ್ಲ ಒಂದು ಸುತ್ತು ಸುರಿದು ಬಂದಿದ್ದ. ಮೂಲೆಯಲ್ಲಿ ಒಬ್ಬರೇ ನಿಂತು ಮೊಟ್ಟೆ ತಿನ್ನುತ್ತಿದ್ದ ಜಾರುಬಾ ಕೈಯಲ್ಲಿ ಮಾತ್ರ ಲೋಟವಿರಲಿಲ್ಲ.

"ಮೇಡಮ್ಮೋರೇ, ಆ ಗಡ್ಡದೋನಿಗೆ ನಾನು ಒಂದು ತೊಟ್ಟು ಹಾಕಾಕಿಲ್ಲ," ಎಂದ. "ನನ್ ಮಗಳಿಗೆ ಅಡ್ಡಗಾಲು ಹಾಕ್ದೋನು. ಇಲಿ ತಿಂತಾ ಅಂತಾನೆ, ಇಲಿ! ಹೋಗ್ಲಿ ಬಿಡಿ. ಇವ್ರಿಗೆ ಒಂದು ಮಾತು ಹೇಳ್ಬೇಕು, ನೀವು ಹೇಳ್ಕೊಡಿ. ನಾನು ಓದಿದೋನಲ್ಲ. ಅವಳ ತಾಯಿ ಸತ್ತಾಗ ಇವಳು ಓದು ಬಿಟ್ಬಿಡ್ತೀನಿ ಅಂತ ಮನೆಗೆ ಬಂದ್ಲು. ಆಗ ಈ ಸಾಹೇಬ್ರು ಫ್ರಾನ್ಸಿಂದ ಫೋನ್ ಮಾಡಿ ಮಾಡಿ ವಾಪಸ್ ಕರೆಸ್ಕೊಂಡ್ರು. ಅಪ್ಪ ನಾನು, ನನ್ ಕೈಲಿ ಆಗದ್ದನ್ನ ಇವ್ರು ಮಾಡಿದ್ರು. ಹಂಗಂತ ಹೇಳಿ."

ನಾನು ದಾಟಿಸಿದೆ. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಗರಾಂಜೆ ಮುಖ ಬೆಳ್ಳಗಾಯಿತು. ಮುದುಕ ಅವರ ಕೈಗೆ ಲೋಟ ತುರುಕಿದ. ಅರ್ಧ ಸಾರಾಯಿ ತೋಳಿನ ಮೇಲೆ ಚೆಲ್ಲಿತು.

"ಅವರಿಗೆ ಹೇಳಿ ಮದಾಂ," ಎಂದರು ಗರಾಂಜೆ ಫ್ರೆಂಚಿನಲ್ಲಿ. "ವಿರುದ್ಧ ಮತ ಹಾಕಿದ್ದು ನಾನು ಅಂತ ಹೇಳಿ. ಎರಡು ಸಲಾನೂ ನಾನೇ. ಆ ಗಡ್ಡದವರಲ್ಲ. ದಯವಿಟ್ಟು ಹೇಳಿ."

"ಏನಂದ್ರು? ಏನಂದ್ರು?" ಮುದುಕ ನನ್ನ ಮುಖವನ್ನೇ ನೋಡುತ್ತಿದ್ದ.

ಇಪ್ಪತ್ತಾರು ವರ್ಷದಲ್ಲಿ ಸುಳ್ಳು ಅನುವಾದ ಮಾಡಿದವಳಲ್ಲ ನಾನು. ಬೇಸರದಿಂದ ಮಾತು ಬಿಟ್ಟಿದ್ದೇನೆ, ಬೈಗುಳ ನುಂಗಿದ್ದೇನೆ, ಇಲ್ಲದ್ದನ್ನು ಇದೆ ಎಂದಿಲ್ಲ. ಆ ಮುದುಕನ ಕಣ್ಣು ನೋಡಿದೆ. ಬೆಳಗಿನ ರೈಲಿಗೆ ಬಂದವನು, ಸಂಜೆಯ ರೈಲಿಗೆ ಹೋಗುವವನು. ಅವನು ಊರಿಗೆ ಒಯ್ಯುವುದು ಈ ಒಂದು ಮಾತನ್ನು.

"ನಿಮ್ಮ ಮಗಳು ನನಗಿಂತ ದೊಡ್ಡ ವಿದುಷಿ ಅಂತಿದಾರೆ," ಎಂದೆ ಚೆಕ್ಕಿನಲ್ಲಿ. "ಅವಳ ಗುರು ಅನ್ನಿಸ್ಕೊಳ್ಳೋ ಯೋಗ್ಯತೆ ನನಗಿಲ್ಲ ಅಂತಿದಾರೆ."

ಮುದುಕ ಬಾಟಲಿಯನ್ನು ಎದೆಗೊತ್ತಿಕೊಂಡು ಅಳತೊಡಗಿದ. ಆಗಲೇ ನಾನು ಬಲಕ್ಕೆ ತಿರುಗಿದ್ದು. ರಾದ್ಮಿಲಾ ತಿಂಡಿಯ ತಟ್ಟೆ ಹಿಡಿದು ಒಂದು ಮಾರು ದೂರದಲ್ಲಿ ನಿಂತಿದ್ದಳು. ಅವಳಿಗೆ ಎರಡು ಭಾಷೆಯೂ ಬರುತ್ತದೆ. ಅವರು ಹೇಳಿದ್ದನ್ನೂ ಕೇಳಿದ್ದಳು, ನಾನು ಹೇಳಿದ್ದನ್ನೂ ಕೇಳಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ.

"ಹಂಗಂದ್ರಾ ಮಗಳೇ? ನಿಜವಾಗ್ಲೂ ಹಂಗಂದ್ರಾ?" ಎಂದು ಅಪ್ಪ ಅವಳನ್ನೇ ಕೇಳಿದ. "ನಿನಗೂ ಅವರ ಭಾಷೆ ಬರುತ್ತಲ್ಲ?"

ಅವಳು ಗರಾಂಜೆಯನ್ನು ನೋಡಿದಳು, ನನ್ನನ್ನು ನೋಡಿದಳು.

"ಹೂಂ ಅಪ್ಪಾ," ಎಂದಳು. "ಹಂಗೇ ಅಂದ್ರು."

ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ಅಪ್ಪನ ಕೈಯಿಂದ ಬಾಟಲಿ ತೆಗೆದುಕೊಂಡಳು, ಒಂದು ಲೋಟ ತೆಗೆದುಕೊಂಡಳು. "ಏಯ್, ಅವನಿಗ್ಯಾಕೇ?" ಎಂದು ಅಪ್ಪ ಕೂಗುತ್ತಿದ್ದರೂ ಕೇಳಿಸದವಳ ಹಾಗೆ ಮೂಲೆಗೆ ನಡೆದು, ಜಾರುಬಾ ಮುಂದೆ ನಿಂತು, ಲೋಟವನ್ನು ಅಂಚಿನವರೆಗೆ ತುಂಬಿ ಎರಡು ಕೈಯಲ್ಲೂ ಹಿಡಿದು ಕೊಟ್ಟಳು.